ಬೇಲಿಯಾಚೆಯ ಸೇಬು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ ನಿನ್ನ ಸಣ್ಣವಳ ನಮಸ್ಕಾರ.

ನಾನು ಚೆನ್ನಾಗಿದ್ದೇನೆ, ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೇನೆ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನದಿಂದ ಓದುತ್ತೀಯ. ಫೋನಿನಲ್ಲಿ ಈ ವಿಷಯ ಎತ್ತಿದಾಗಲೆಲ್ಲ ನೀನು ಬೆಕ್ಕು ಮರಿ ಹಾಕಿದ ಸುದ್ದಿಗೆ ಹೊರಳಿಬಿಡುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತೋಟದ ಚಿಕ್ಕಮ್ಮನ ಸೇಬು ಹಾಳಾದದ್ದು ನನ್ನಿಂದ.

ಕೋಸಿನ ಹೊಲದ ಕೆಳಗಿನ ಇಳಿಜಾರನ್ನು ಉಳಬೇಡ, ಪೊದೆ ಬೆಳೆಯಲು ಬಿಡು ಎಂದು ನಾನು ಹೇಳಿದಾಗ ನೀನು ನಕ್ಕಿದ್ದೆ. ನನ್ನ ಕೆಲಸವೇ ನಿನಗೊಂದು ತಮಾಷೆ. ಮಗಳು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ, ಸಂಶೋಧನಾ ಕೇಂದ್ರದಲ್ಲಿ ಹುಳ ಎಣಿಸುತ್ತಾಳೆ, ಅದಕ್ಕೂ ಸಂಬಳ ಕೊಡುವವರಿದ್ದಾರೆ ಎನ್ನುತ್ತಿದ್ದೆ. ಆದರೂ ಇಳಿಜಾರನ್ನು ಬಿಟ್ಟೆ. ಅಲ್ಲಿ ಕಾಡುಹೂ ಅರಳಿದವು. ಪುಟ್ಟ ಕಣಜಗಳು ಬಂದು ಕೋಸು ತಿನ್ನುವ ಹುಳುಗಳ ಮೈಯೊಳಗೇ ಮೊಟ್ಟೆಯಿಟ್ಟು ಅವುಗಳ ಕಥೆ ಮುಗಿಸಿದವು. ಉಳಿದವನ್ನು ಹಕ್ಕಿಗಳು ಹೆಕ್ಕಿದವು. ಆ ಸಲ ಔಷಧಿ ಹೊಡೆಯುವ ಡಬ್ಬಿ ಕೊಟ್ಟಿಗೆಯ ಮೂಲೆಯಲ್ಲೇ ದೂಳು ತಿಂದಿತು. ಕೋಸೊಂದನ್ನು ಎರಡು ಹೋಳು ಮಾಡಿ ನೀನು ಫೋನಿನ ಮುಂದೆ ಹಿಡಿದೆ. ಒಂದು ತೂತೂ ಇರಲಿಲ್ಲ. ಮಾರುಕಟ್ಟೆಯಲ್ಲಿ ನನ್ನ ಗುಣಗಾನ ಕೇಳದೆ ಯಾರಿಗೂ ಕೋಸು ಸಿಗುತ್ತಿರಲಿಲ್ಲವೆಂದು ಚಿಕ್ಕಮ್ಮನೇ ಹೇಳಿ ನಕ್ಕಿದ್ದಳು.

ಚಿಕ್ಕಮ್ಮ ನಮಗೆ ಸಂಬಂಧದಲ್ಲಿ ಏನೂ ಅಲ್ಲ. ಆದರೆ ಬೇಲಿಯಾಚೆ ಅವಳ ತೋಟ, ಈಚೆ ನಿನ್ನ ಹೊಲ. ನಿಮ್ಮಿಬ್ಬರ ಹರಟೆ ಕೇಳುತ್ತಲೇ ನಾನು ಬೆಳೆದೆ. ನೀನು ಕಟಾವಿನಲ್ಲಿರುವಾಗ ನನ್ನ ಜಡೆ ಹೆಣೆಯುತ್ತಿದ್ದವಳು ಅವಳೇ. ನಿನ್ನ ಹುರುಪು ನೋಡಿ ಅವಳಿಗೂ ಆಸೆಯಾಯಿತು. ಸೇಬಿನ ತೋಟದ ಸುತ್ತ ತಾನೂ ಪೊದೆ ಬೆಳೆಸಲೇ ಎಂದು ನಿನ್ನ ಮೂಲಕ ಕೇಳಿಸಿದಳು.

ನಿನ್ನ ಫೋನ್ ಬಂದಾಗ ನನ್ನ ಮೇಜಿನ ತುಂಬ ಅಂಟುಹಾಳೆಗಳು ಹರಡಿದ್ದವು. ಹುಳ ಹಿಡಿಯಲೆಂದು ಹಣ್ಣಿನ ತೋಟಗಳಲ್ಲಿ ನೇತುಹಾಕಿದ್ದ ಹಳದಿ ಹಾಳೆಗಳು. ಬಯಲಿನ ಮರಗಳಿಂದ ಬಿಚ್ಚಿ ತಂದವುಗಳ ಮೇಲೆ ಅಲ್ಲೊಂದು ಇಲ್ಲೊಂದು ಗಿಡದ ತಿಗಣೆ. ಪೊದೆಗೆ ಹತ್ತಿರದ ಮರಗಳಿಂದ ತಂದವುಗಳ ಮೇಲೆ ಬೆರಳಿಡಲು ಜಾಗವಿರಲಿಲ್ಲ. ಮುಟ್ಟಿದರೆ ಗಬ್ಬು ನಾರುತ್ತದಲ್ಲ, ಆ ಜಾತಿ. ಚಳಿಗಾಲವನ್ನು ಪೊದೆಯಲ್ಲಿ ಬೆಚ್ಚಗೆ ಕಳೆದು, ಕಾಯಿ ಕಚ್ಚುವ ಹೊತ್ತಿಗೆ ತೋಟಕ್ಕಿಳಿದು ರಸ ಹೀರುತ್ತದೆ. ನಿನ್ನ ಕೋಸನ್ನು ಕಾದ ಪೊದೆಯೇ ಸೇಬಿಗೆ ಶತ್ರುವನ್ನು ಸಾಕಬಹುದೆಂಬುದು ನನ್ನ ಕಣ್ಣ ಮುಂದೆಯೇ ಇತ್ತು. ಇಷ್ಟರಿಂದಲೇ ಏನನ್ನೂ ತೀರ್ಮಾನಿಸಬಾರದೆಂದು ನಮ್ಮ ಮೇಲಧಿಕಾರಿ ಹೇಳಿದ್ದರು, ನಿಜ. ಆದರೆ ಸೇಬಿನ ವಿಷಯ ನನಗಿನ್ನೂ ಸರಿಯಾಗಿ ಗೊತ್ತಿಲ್ಲ, ಸ್ವಲ್ಪ ಕಾಯಲಿ ಎನ್ನಲು ಏನು ಅಡ್ಡಿಯಿತ್ತು?

ನೀನು ಅಂದೆ: “ನನ್ನ ಮಗಳು ಹೂಂ ಅಂದ್ರೆ ಮುಗೀತು ಅಂತ ಅವಳಿಗೆ ಹೇಳಿದ್ದೀನಿ ಕಣೇ.”

ಅಮ್ಮ, ನೀನು ನನಗೇ ಕೇಳುವಂತೆ ನನ್ನ ಓದಿನ ಬಗ್ಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಆ ಮಾತನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಹೂಂ ಅಂದುಬಿಟ್ಟೆ.

ಚಿಕ್ಕಮ್ಮ ಪೊದೆ ಬೆಳೆಸಿದ ಮರುವರ್ಷ ಕಟಾವಿಗೆ ನಾನು ಬಂದಾಗ ನೋಡಿದೆಯಲ್ಲ. ಶೆಡ್ಡಿನ ತುಂಬ ಕ್ರೇಟುಗಳು, ಮೈಯೆಲ್ಲ ಗುಳಿಬಿದ್ದ ಹಣ್ಣು. ಚಿಕ್ಕಮ್ಮ ಒಂದೊಂದನ್ನೂ ಕತ್ತರಿಸಿ, ಒಳಗಿನ ಕಂದು ಕಲೆ ನೋಡಿ ಬುಟ್ಟಿಗೆ ಎಸೆಯುತ್ತಿದ್ದಳು. ರಸ ತೆಗೆಯುವವರು ಬಿಟ್ಟರೆ ಅದನ್ನು ಯಾರೂ ಕೊಳ್ಳುವಂತಿರಲಿಲ್ಲ. ಕಾರಣ ಏನೆಂದು ಅವಳು ನನ್ನನ್ನೇ ಕೇಳಿದಳು. ನಾನು ಎಲ್ಲರೆದುರು ಈ ಸಲ ಚಳಿ ಸಾಲದೆ ತಿಗಣೆ ಸಾಯಲಿಲ್ಲ ಎಂದು ಪಾಠ ಮಾಡಿದೆ. ಅದು ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ನಾಲಿಗೆಗೆ ಬಂತು. ನೀನು ನನ್ನನ್ನೇ ನೋಡುತ್ತಿದ್ದೆ.

ಆಮೇಲೆ ನೀವಿಬ್ಬರೂ ಮಾತು ಬಿಟ್ಟಿರಿ. ಮುಂದಿನ ತಿಂಗಳು ಯಂತ್ರ ತರಿಸಿ ಅವಳು ತನ್ನ ಪೊದೆಯನ್ನೆಲ್ಲ ಕೆರೆಸುತ್ತಾಳೆ, ಅವಳ ಸಮಾಧಾನಕ್ಕೆ ನೀನೂ ನಿನ್ನ ಇಳಿಜಾರನ್ನು ಬೋಳಿಸುತ್ತೀಯ ಎಂದು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ದಯವಿಟ್ಟು ನಿನ್ನದನ್ನು ಮುಟ್ಟಬೇಡ. ಅವಳೂ ಪೂರ್ತಿ ಕೆರೆಸಬಾರದು. ಸೇಬಿನ ಹೂವಿಗೆ ಬರುವ ಜೇನುಗಳೂ ಅಲ್ಲೇ ಇವೆ. ಮರಗಳಿಗೆ ಅಂಟಿಕೊಂಡ ದಟ್ಟ ಪೊದೆ ತೆಗೆದು, ದೂರದ ಅಂಚಿನ ಹೂಗಿಡ ಉಳಿಸಿ ನೋಡಬಹುದೇನೋ. ಏನೋ ಎಂದೇ ಬರೆಯುತ್ತೇನೆ, ನನಗೆ ಖಾತ್ರಿಯಿಲ್ಲ. ರಜೆ ಹಾಕಿದ್ದೇನೆ. ಶನಿವಾರ ಬಂದು ಅವಳ ಜೊತೆ ಕತ್ತಿ ಹಿಡಿದು ನಿಲ್ಲುತ್ತೇನೆ, ಅವಳು ಗೇಟು ತೆರೆದರೆ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅದನ್ನು ಎದುರಿಗೇ ಕೇಳಬೇಕು.

ಇಂತು ನಿನ್ನ,
ಸಣ್ಣವಳು

ಮತ್ತೆ: ಲಕೋಟೆ ಅಂಟಿಸುವ ಮುಂಚೆ ತಡೆಯಲಾಗದೆ ಚಿಕ್ಕಮ್ಮನಿಗೇ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. “ನಿಮ್ಮಮ್ಮ ನನಗೆ ಬೇರೆ ಥರ ಹೇಳಿದ್ಲಲ್ಲ” ಅಂದಳು. ಸೇಬಿಗೆ ಪೊದೆ ಬೇಡವೆಂದು ಮಗಳು ಆಗಲೇ ಎಚ್ಚರಿಸಿದ್ದಳು, ತಾನೇ ಆ ಮಾತು ಮುಟ್ಟಿಸಲಿಲ್ಲ ಎಂದು ಕಟಾವಿನ ಆ ಸಂಜೆಯೇ ನೀನು ಅವಳ ಅಂಗಳದಲ್ಲಿ ನಿಂತು ಹೇಳಿದೆಯಂತೆ. ಅವಳು ಬಾಯಿಗೆ ಬಂದಂತೆ ಬೈದರೂ ನೀನು ತಲೆ ಎತ್ತಲಿಲ್ಲವಂತೆ. ಫೋನ್ ಇಡುವಾಗ ಅವಳು ಚಪ್ಪಲಿ ಹುಡುಕುತ್ತಿದ್ದಳು. ಈ ಕಾಗದಕ್ಕಿಂತ ಮೊದಲು ಅವಳೇ ನಿನ್ನ ಬಾಗಿಲಿಗೆ ಬಂದಿರುತ್ತಾಳೆ. ಅಮ್ಮ, ಆ ದಿನ ಶೆಡ್ಡಿನಲ್ಲಿ ನನ್ನ ಮುಖದಲ್ಲಿ ನಿನಗೇನು ಕಂಡಿತ್ತು?