ಖೋ-ಖೋದಲ್ಲಿ ಕಂಬವಾದವರು

ನಮ್ಮ ಪಿ.ಟಿ. ಸರ್‌ಗೆ,

ನಿಮ್ಮೆದುರು ಎಂದೂ ಹೇಳದ ಮಾತೊಂದಿದೆ. ನನಗೆ ಕಂಬವಾಗಿ ನಿಲ್ಲುವುದು ಇಷ್ಟವಿರಲಿಲ್ಲ ಸರ್. ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟಾಗ ಮನೆಗೆಲಸದ ನೆಪ ಹೇಳಿದ್ದೆ. ನಿಜವಾದ ಕಾರಣ ಆ ಆಟದ ಪೀರಿಯಡ್.

ನೀವು ನಮ್ಮ ಶಾಲೆಗೆ ಬಂದ ಮೊದಲ ದಿನ ನೆನಪಿದೆ. ಅಲ್ಲಿಯವರೆಗೆ, ಕಾಲೆಳೆದು ನಡೆಯುವ ನನ್ನನ್ನು ಎಲ್ಲರ ಚಪ್ಪಲಿ ಕಾಯಲು ಕೂರಿಸುತ್ತಿದ್ದರು. ನೀವು ಬಂದವರೇ, "ಏಳಲೇ ಹುಲಿ, ನೀನೂ ಆಡಬೇಕು" ಎಂದು ಎಬ್ಬಿಸಿ ಖೋ-ಖೋ ಅಂಕಣದ ತುದಿಯಲ್ಲಿ, ಕಂಬದ ಜಾಗದಲ್ಲಿ ನಿಲ್ಲಿಸಿದಿರಿ. ಹುಡುಗರು ನನ್ನನ್ನು ಸುತ್ತಿ ಓಡಿದರು; ಕಂಬಕ್ಕೆ ಯಾರೂ ಖೋ ಕೊಡುವುದಿಲ್ಲವಲ್ಲ. ನಿಮ್ಮ ಮುಖದಲ್ಲಿ ಎಷ್ಟು ಸಂತೋಷ... ಅದನ್ನು ಕೆಡಿಸಲು ನನಗೆ ಬಾಯಿ ಹೇಗೆ ಬರಬೇಕಿತ್ತು?

ನೀವು ತೀರಿಕೊಂಡ ಮೇಲೆ, ಈ ಜೂನ್‌ನಲ್ಲಿ, ಅಕ್ಕನ ಮಗಳು ಭಾಗ್ಯಾಳನ್ನು ಅದೇ ಶಾಲೆಗೆ ಸೇರಿಸಲು ಹೋದೆ. ಅವಳು ವಾಕರ್ ಹಿಡಿದು ನಡೆಯುತ್ತಾಳೆ. ಹೊಸ ಮಾಸ್ತರರು ಹೆಮ್ಮೆಯಿಂದ ಹೇಳಿದರು: "ಚಿಂತಿ ಬ್ಯಾಡೋ ತಮ್ಮಾ. ನಿಮ್ಮ ಸರ್ ಹಾಕಿಕೊಟ್ಟ ಪದ್ಧತಿ ಐತಿ. ಆಕಿನ್ನ ಕಂಬ ಮಾಡ್ತೀವಿ." ನಾನು ಅಂದೇ ಬಾಯಿ ಬಿಟ್ಟಿದ್ದರೆ ಈ ಪದ್ಧತಿ ಉಳಿಯುತ್ತಿತ್ತೇ?

ಒಂದು ಶನಿವಾರ ಮಾಸ್ತರರನ್ನು ಕಾಡಿ ಬೇಡಿ ಆಟ ಬದಲಿಸಿದೆ. ಭಾಗ್ಯಾಳಿಗೆ ಸಾಲಿನ ನಡುವೆಯೇ ಕುರ್ಚಿ. ಖೋ ಸಿಕ್ಕ ಕೂಡಲೇ ಅವಳು ವಾಕರ್ ಹಿಡಿದು ಬೆನ್ನಟ್ಟಬೇಕು, ತಪ್ಪಿಸಿಕೊಳ್ಳುವವರು ಒಂಟಿಗಾಲಲ್ಲಿ ಕುಪ್ಪಳಿಸಬೇಕು.

"ಕಾಕಾ, ನಾವು ಬೀಳ್ತೇವಲ್ರೀ" ಎಂದ ಒಬ್ಬ ಹುಡುಗ.

"ಬೀಳ್ರಲೇ. ನಾ ಎಷ್ಟ ಬಿದ್ದಿಲ್ಲ?" ಎಂದೆ.

ಭಾಗ್ಯಾ ಅವನನ್ನೇ ಔಟ್ ಮಾಡಿದಳು. ಮುಟ್ಟಿದ ಕೈಯನ್ನು ಅವಳು ತಿರುಗಿಸಿ ನೋಡಿಕೊಂಡಳು ಸರ್. ನೀವು ಇದ್ದಿದ್ದರೆ...

ಸೋಮವಾರ ಕುರ್ಚಿ ಇರಲಿಲ್ಲ. "ಕ್ರೀಡಾಕೂಟ ಬಂತು. ಹುಡುಗ್ರು ಕುಪ್ಪಳಸೂದು ಕಲ್ತರ ಗೆಲ್ಲಾವ್ರು ಯಾರು?" ಎಂದರು ಮಾಸ್ತರರು. ಭಾಗ್ಯಾಳನ್ನು ಮತ್ತೆ ಕಂಬದ ಜಾಗಕ್ಕೆ ಕರೆದರು. "ನಾ ಒಲ್ಲೆರಿ ಸರ" ಎಂದು ಅವರ ಮುಖಕ್ಕೇ ಹೇಳಿದಳು. ಮರುದಿನದಿಂದ ಶಾಲೆಗೂ ಹೋಗಿಲ್ಲ. "ನಿನ್ನಂಗನ ಮನ್ಯಾಗ ಕುಂಡ್ರತಾಳ ನೋಡು" ಎಂದು ಅಕ್ಕ ಅತ್ತಳು. ಅಕ್ಕ ಹೇಳಿದ್ದು ಸುಳ್ಳಲ್ಲ.

ಹೋದ ವಾರ ವಿಜಯಪುರದ ಒಂದು ಶಾಲೆಗೆ ಹೋಗಿ ಕೇಳಿಬಂದೆ. ಸೇರಿಸಿಕೊಳ್ಳುತ್ತಾರಂತೆ. "ಆಟಕ್ಕೂ ಕರ್ಕೋತೀರೇನ್ರಿ?" ಎಂದದ್ದಕ್ಕೆ "ನೋಡೂಣು" ಎಂದರು, ಅಷ್ಟೇ. ಅಲ್ಲೂ ಹೀಗೇ ಆದರೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಭಾಗ್ಯಾಳಿಗೂ ಹಾಗೆಯೇ ಹೇಳಿದ್ದೇನೆ. ತಿಕೋಟಾದ ಒಣದ್ರಾಕ್ಷಿ ಶೆಡ್ಡಿನ ಕೆಲಸ ಬಿಟ್ಟೆ. ವಿಜಯಪುರದಲ್ಲಿ ಪಂಕ್ಚರ್ ಅಂಗಡಿಯಲ್ಲಿ ಕೆಲಸವಿದೆ, ಹಿಂದೆಯೇ ಇರಲು ಒಂದು ಖೋಲಿ. ಅಕ್ಕ ಒಪ್ಪಿದ್ದಾಳೆ. ನಾಳೆ ಬೆಳಿಗ್ಗೆ ನಾನೂ ಭಾಗ್ಯಾಳೂ ಊರು ಬಿಡುತ್ತೇವೆ.