ಅಪ್ಪ ಎತ್ತಿದ ಒಂದು ಬೆರಳು

ಅಕ್ಕಾ,

ಶಾಲೆ ಬಿಟ್ಟು ಊರೂರು ಸುತ್ತುವ ಗೋಧಿ ಕೊಯ್ಲಿನ ತಂಡ ಸೇರಿದ್ದು ಸಂಬಳದ ಆಸೆಗಲ್ಲ. ನಮ್ಮನ್ನು ಬಿಟ್ಟುಹೋದ ಅಪ್ಪನ ಈ ಊರಿಗೂ ತಂಡ ಬರುತ್ತದೆಂದು. ಇಷ್ಟು ದಿನ ನಿನಗೆ ಹೇಳಿರಲಿಲ್ಲ.

ಮಧ್ಯಾಹ್ನ ಹೋಟೆಲಿನಲ್ಲಿ ಅವನ ಪಕ್ಕದಲ್ಲೇ ಕೂತಿದ್ದೆ. ಬಡಿಸುವ ಆಲ್ಮಾ, "ಯಾರ ಮಗನಪ್ಪಾ ನೀನು? ಮೂಗು ನಮ್ಮ ವರ್ನನ್‌ದೇ ಇದ್ದಂಗಿದೆ," ಎಂದು ಅಪ್ಪನನ್ನು ತೋರಿಸಿದಳು.

ಅಪ್ಪ ನಕ್ಕ. "ಮುಖದ ತುಂಬ ಹೊಟ್ಟಿನ ಧೂಳು ಕಣೇ, ನಿಂಗೆ ಮೂಗೆಲ್ಲಿ ಕಾಣ್ತು? ಮೊದ್ಲು ಹುಡುಗನಿಗೆ ತಿನ್ನೋಕೆ ಕೊಡು."

ಬಡಿಸಿದ್ದನ್ನು ತಿಂದು, ದುಡ್ಡು ಕೊಟ್ಟು ಎದ್ದೆ.

ಸಂಜೆ ಅವನ ಪಿಕಪ್ಪು ನಾನು ಓಡಿಸುವ ಗೋಧಿ ಲಾರಿಗೆ ಎದುರಾಯಿತು. ಇಲ್ಲಿ ಎದುರು ಬಂದವರಿಗೆಲ್ಲ ನಮಸ್ಕಾರದ ಬದಲು ಮಾಡುವಂತೆ ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ಹೋದ. ನಾನೂ ಎತ್ತಿದೆ.

ಬೆನ್ನು ನೋವಿದೆ, ಬೇರೆ ತೊಂದರೆಯಿಲ್ಲ. ಈ ಕಾರ್ಡು ಅಮ್ಮನ ಕೈಗೆ ಸಿಗದಿರಲಿ. ನಾಳೆ ಮುಂದಿನ ಕೊಯ್ಲಿಗೆ ನೆಬ್ರಾಸ್ಕಾಕ್ಕೆ ಹೊರಡುತ್ತೇವೆ.

ಡಾರೆಲ್