ಮನೆಯೊಳಗಿನ ಶೂ

ಪ್ರೀತಿಯ ಮಾಮಿ,

ನೀವಿದ್ದಾಗ ಎದುರು ನಿಂತು ಮಾತಾಡಲು ಹೆದರುತ್ತಿದ್ದ ನಿಮ್ಮ ಸೊಸೆ ಈಗ ಧೈರ್ಯವಾಗಿ ಕಾಗದ ಬರೆಯುತ್ತಿದ್ದಾಳೆ ನೋಡಿ. ಬೈಯಲು ನೀವಿಲ್ಲವಲ್ಲ!

ಮಣಿಪಾಲದಲ್ಲಿ ನಮ್ಮ ಧನ್ವಿಯ ಪಾದದ ಅಳತೆ ತೆಗೆದು, ಶೂವಿನೊಳಗೆ ಇಡುವ ಸೋಲ್ ಮಾಡಿಕೊಟ್ಟ ದಿನ ನೆನಪುಂಟಾ? ಆರು ವರ್ಷವಾದರೂ ಮಗು ಕೈಯೋ ಗೋಡೆಯೋ ಹಿಡಿಯದಿದ್ದರೆ ಸಮತಟ್ಟು ನೆಲದಲ್ಲೇ ಮುಗ್ಗರಿಸಿ ಬೀಳುತ್ತಿತ್ತು. ಕೈಕಾಲು ಒಂದಕ್ಕೊಂದು ಹೊಂದಿಕೊಳ್ಳುವುದು ಅವಳಿಗೆ ಕಷ್ಟ ಎಂದಿದ್ದರು ಡಾಕ್ಟರು. ಮೀನಿನ ಬುಟ್ಟಿ ಹೊತ್ತು ಕಾಪು ಪೇಟೆಯಿಡೀ ಬರಿಗಾಲಲ್ಲಿ ತಿರುಗಿದ ನಿಮಗೆ ಆ ಸೋಲ್ ಕಂಡು ನಗು. "ಇದೆಂತ, ಕಾಲಿಗೆ ಹಾಸಿಗೆಯಾ?" ಎಂದಿರಿ.

ಮನೆಯಲ್ಲಿ ನಿಮ್ಮ ಕಟ್ಟಪ್ಪಣೆ: ಮೆಟ್ಟಿದ್ದೆಲ್ಲ ಜಗಲಿಯ ಕೆಳಗೆ. ಒಳಗೆ ದೈವದ ಕೋಣೆ ಉಂಟಲ್ಲ. ಶಾಲೆಯಲ್ಲೂ ಶೂ ತರಗತಿಯ ಹೊರಗೆ. ಪಾಪ, ಮಗು ಆ ಸೋಲ್ ಹಾಕಿ ನಡೆದದ್ದಕ್ಕಿಂತ ಬಸ್ಸಿನಲ್ಲಿ ಕೂತದ್ದೇ ಹೆಚ್ಚು! ನಿಮಗೆ ಹೇಳುವ ಧೈರ್ಯ ನನಗೆಲ್ಲಿತ್ತು? ಮೂರು ತಿಂಗಳ ನಂತರ ಥೆರಪಿಸ್ಟ್ ಮೇಡಂ ಕೇಳಿದಾಗ, "ಇಡೀ ದಿನ ಹಾಕ್ತಾಳೆ" ಎಂದುಬಿಟ್ಟೆ. "ಹಾಗಾದರೆ ಇದರಿಂದ ಉಪಯೋಗ ಕಾಣುವುದಿಲ್ಲ, ನಿಲ್ಲಿಸುವ" ಎಂದರು ಅವರು.

ಆಗ ಬೆಂಚಿನಿಂದ ಎದ್ದವರು ನೀವು. "ಇವಳು ಸುಳ್ಳು ಹೇಳುವುದು ಮೇಡಂ. ಮನೆಯಲ್ಲಿ ಶೂ ತೆಗೆಸುವುದು ನಾನು. ನಿಲ್ಲಿಸಬೇಡಿ."

ಬರುವಾಗ ಉಡುಪಿಯಲ್ಲಿ ನಮ್ಮನ್ನು ಬಸ್ಸಿನಿಂದ ಇಳಿಸಿ, ಅವಳಿಗೆ ಇನ್ನೊಂದು ಜೊತೆ ಹೊಸ ಶೂ ಕೊಂಡಿರಿ. "ಅಂಗಳದ ಮಣ್ಣು ಮುಟ್ಟದ್ದು ಚಪ್ಪಲಿ ಅಲ್ಲ ಮಾರಾಯ್ತಿ. ಇದು ಒಳಗಿನದ್ದು. ದೈವಕ್ಕೆ ನಾನು ಹೇಳ್ತೇನೆ." ಆ ದಿನ ನಿಮ್ಮ ಮೇಲೆ ಎಷ್ಟು ಪ್ರೀತಿ ಉಕ್ಕಿತ್ತು ಗೊತ್ತಾ? ಹೇಳಲೇ ಇಲ್ಲ ನಾನು, ದಡ್ಡಿ.

ಆಮೇಲೆ ದಿನಾ ಸಂಜೆ ಚಾವಡಿಯಲ್ಲಿ ಅವಳನ್ನು ನಡೆಸಿದವರೂ ನೀವೇ. ಮೇಡಂ ಹೇಳಿಕೊಟ್ಟ ವ್ಯಾಯಾಮ ಒಂದೂ ತಪ್ಪಿಸಲಿಲ್ಲ. ಅವಳು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಇಡುವ ಹೊತ್ತಿಗೆ ನೀವು ಹೊರಟುಬಿಟ್ಟಿರಿ. ಇನ್ನೊಂದು ವರ್ಷ ಇದ್ದಿದ್ದರೆ...

ಮೊನ್ನೆ ನೀವು ಹೋಗಿ ವರ್ಷ ತುಂಬಿತೆಂದು ನಿಮಗೆ ಎಲೆ ಹಾಕಿ ಬಡಿಸಿದೆವು. ನಿಮಗಿಷ್ಟದ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದ್ದೆ. "ಅಜ್ಜಿಗೆ ನೀರು ನಾನೇ ಇಡುವುದು" ಎಂದು ಧನ್ವಿಯ ಹಟ. ತುಂಬಿದ ಲೋಟ ಹಿಡಿದು ಅಡುಗೆಮನೆಯಿಂದ ಹೊರಟಳು. ಅವಳ ಕಾಲು ಕಂಡು ನಿಮ್ಮ ಮೈದುನ, "ಎಲೆಯ ಹತ್ತಿರ ಶೂ ಹಾಕಿಯಾ?" ಎಂದು ಗದರಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಹಿರಿಯರೆದುರು ನನ್ನ ಸ್ವರ ಎದ್ದಿತು, ಮಾಮಿ. "ಹೌದು, ಹಾಕಿಯೇ. ಅವಳನ್ನು ಬಿಡಿ" ಎಂದೆ.

ಧನ್ವಿ ಮುಂದೆ ನಡೆದಳು. ಹೊಸ್ತಿಲು ದಾಟುವಾಗ ಒಮ್ಮೆ ವಾಲಿದಳು. ನಾನು ಕೈ ಚಾಚಿದೆ, ಬೇಡ ಎಂದು ತಲೆಯಾಡಿಸಿದಳು. ನೀರು ಒಂದಷ್ಟು ಚೆಲ್ಲಿತು. ಮೊನ್ನೆ ನಿಮಗೆ ಸಿಕ್ಕಿದ್ದು ಅರ್ಧ ಲೋಟ ಮಾತ್ರ, ಕೋಪ ಮಾಡಬೇಡಿ. ಅದನ್ನು ನಿಮ್ಮ ಮೊಮ್ಮಗಳು ಯಾರ ಕೈಯನ್ನೂ ಹಿಡಿಯದೆ ತಂದಿಟ್ಟಳು.

ನಿಮ್ಮ ಸೊಸೆ